ಫ್ಯಾಮಿಲಿ ಫೋಟೋ: ಕಪ್ಪಗಿರುವವರು ಗಾಢ ಬಣ್ಣದ ಬಟ್ಟೆ ಹಾಕಬಾರದೇ?

ಮನೆಯಲ್ಲಿ ಗೃಹಪ್ರವೇಶವೋ ಅಜ್ಜನ ಎಂಬತ್ತನೇ ಹುಟ್ಟುಹಬ್ಬವೋ ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ 'ಫೋಟೋಗೆ ಹೀಗೆ ಡ್ರೆಸ್ ಮಾಡಿ' ಎಂಬ ಸಂದೇಶಗಳು ಹರಿದಾಡತೊಡಗುತ್ತವೆ. ಅಂಥದ್ದೊಂದನ್ನು ಓದುಗರೊಬ್ಬರು ನಮಗೆ ಕಳಿಸಿ, 'ಇದು ನಿಜವೇ?' ಎಂದು ಕೇಳಿದ್ದಾರೆ. ಈ ಸಂದೇಶ ನೋಡಿದ ಮೇಲೆ ಅವರ ಮಗಳಿಗೆ ಮನೆಯವರು, 'ನೀನು ಕಪ್ಪು, ಮೆರೂನ್ ಲಂಗ-ದಾವಣಿ ಬೇಡ. ಕ್ರೀಮ್ ಕಲರ್ ಹಾಕಿಕೊಂಡು ಹಿಂದೆ ನಿಂತುಕೋ' ಎಂದರಂತೆ. ಹುಡುಗಿ ಫೋಟೋಗೇ ಬರುವುದಿಲ್ಲ ಎಂದು ಕೂತಿದ್ದಾಳೆ.

ಸಂದೇಶದಲ್ಲಿರುವ ನಾಲ್ಕು ಮಾತುಗಳನ್ನು ನಾವು ಒಂದೊಂದಾಗಿ ಪರಿಶೀಲಿಸಿದೆವು.

1. 'ಕಪ್ಪಗಿರುವವರು ತಿಳಿ ಬಣ್ಣವನ್ನೇ ಧರಿಸಬೇಕು'

ಇದು ತಪ್ಪು. ಕೆಲವೊಮ್ಮೆ ಇದರಿಂದ ಉಲ್ಟಾ ಪರಿಣಾಮವೇ ಆಗುತ್ತದೆ.

ಆಟೋ ಮೋಡ್‌ನಲ್ಲಿರುವ ಕ್ಯಾಮೆರಾ ತನ್ನೆದುರಿನ ಬೆಳಕನ್ನು ಅಳೆದು, ಇಡೀ ದೃಶ್ಯ ಸರಾಸರಿಯಾಗಿ ಮಧ್ಯಮ ಬೂದು ಬಣ್ಣದಷ್ಟು ಬೆಳಕಾಗಿ ಬರುವಂತೆ ಹೊಂದಿಸಿಕೊಳ್ಳುತ್ತದೆ. ಚೌಕಟ್ಟಿನ ತುಂಬ ಬಿಳಿ ಬಟ್ಟೆಗಳೇ ಇದ್ದರೆ 'ಬೆಳಕು ಜಾಸ್ತಿಯಾಯಿತು' ಎಂದುಕೊಂಡು ಫೋಟೋವನ್ನು ಮಂಕು ಮಾಡುತ್ತದೆ. ಆಗ ಮುಖಗಳೂ ಕಪ್ಪಾಗುತ್ತವೆ. ಗಾಢ ಬಟ್ಟೆಗಳಿದ್ದರೆ ಬೆಳಕನ್ನು ಹೆಚ್ಚಿಸುತ್ತದೆ. ಈಗಿನ ಫೋನುಗಳು ಮುಖ ಗುರುತಿಸಿ ಇದನ್ನು ಸ್ವಲ್ಪ ಸರಿಪಡಿಸುತ್ತವೆ, ಆದರೆ ಪ್ರತಿಸಲವೂ ಅಲ್ಲ.

ಪರಿಹಾರ ಸುಲಭ. ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿ. ಬಹುತೇಕ ಫೋನುಗಳಲ್ಲಿ ಆಗ ಸೂರ್ಯನ ಚಿಹ್ನೆಯೊಂದು ಬರುತ್ತದೆ. ಅದನ್ನು ಸರಿಸಿ ಬೆಳಕನ್ನು ಹೊಂದಿಸಬಹುದು.

ಫೋಟೋಗ್ರಫಿಯ ಇತಿಹಾಸದಲ್ಲೂ ಇದಕ್ಕೊಂದು ಪಾಠವಿದೆ. ಬಣ್ಣದ ಫೋಟೋ ಪ್ರಿಂಟ್ ಮಾಡುವ ಲ್ಯಾಬುಗಳಿಗೆ ಕೊಡಾಕ್ ಕಂಪನಿ 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರ ಕೊಡುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಮಹಿಳೆ. ಅವಳ ಮೈಬಣ್ಣ ಸರಿಯಾಗಿ ಬಂದರೆ ಪ್ರಿಂಟ್ ಸರಿ ಎಂದು ಲೆಕ್ಕ. ದಶಕಗಳ ಕಾಲ ಕಪ್ಪು ಮೈಬಣ್ಣದವರು ಫೋಟೋಗಳಲ್ಲಿ ಮಸುಕಾಗಿ ಕಂಡದ್ದಕ್ಕೆ ಇದೂ ಒಂದು ಕಾರಣ. ಬೇರೆ ಬೇರೆ ಮೈಬಣ್ಣದವರಿದ್ದ ಕಾರ್ಡುಗಳನ್ನು ಕೊಡಾಕ್ ತಂದದ್ದು 1990ರ ದಶಕದಲ್ಲಿ. ಅಂದರೆ ತಿದ್ದಬೇಕಾದದ್ದು ಯಂತ್ರ, ಮೈಬಣ್ಣವಲ್ಲ.

2. 'ಅಡ್ಡಪಟ್ಟೆ ಹಾಕಿದರೆ ದಪ್ಪ ಕಾಣುತ್ತೀರಿ'

ಇದಕ್ಕೆ ಗಟ್ಟಿ ಆಧಾರವಿಲ್ಲ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1867ರಲ್ಲೇ ಇದಕ್ಕೆ ವಿರುದ್ಧವಾದುದನ್ನು ಗುರುತಿಸಿದ್ದರು: ಒಂದೇ ಅಳತೆಯ ಎರಡು ಚೌಕಗಳಲ್ಲಿ ಅಡ್ಡಗೆರೆ ಇರುವುದು ಎತ್ತರವಾಗಿಯೂ ಉದ್ದಗೆರೆ ಇರುವುದು ಅಗಲವಾಗಿಯೂ ಕಾಣುತ್ತದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಬಟ್ಟೆ ತೊಟ್ಟ ಆಕೃತಿಗಳ ಮೇಲೆ ಪರೀಕ್ಷಿಸಿ, ಅಡ್ಡಪಟ್ಟೆಯಿಂದ ದಪ್ಪ ಕಾಣುವುದಿಲ್ಲ ಎಂದು 2011ರಲ್ಲಿ ಪ್ರಕಟಿಸಿದರು. ಹಾಗೆಂದು ಅಡ್ಡಪಟ್ಟೆ ಹಾಕಿದರೆ ತೆಳ್ಳಗಾಗುತ್ತೀರಿ ಎಂದು ಹೊಸ ಸಂದೇಶ ಹರಡಬೇಡಿ! ಅಳತೆಗೆ ಸರಿಯಾಗಿ ಹೊಲಿಸಿದ ಬಟ್ಟೆ ಇದ್ದರೆ ಸಾಕು.

3. 'ಸಣ್ಣ ಚೌಕಳಿ, ಒತ್ತೊತ್ತು ಗೆರೆ ಬೇಡ'

ಇದು ನಿಜ. ಕ್ಯಾಮೆರಾದ ಸೆನ್ಸರ್‌ನಲ್ಲಿ ಲಕ್ಷಾಂತರ ಪಿಕ್ಸೆಲ್‌ಗಳು ಸಾಲಾಗಿರುತ್ತವೆ. ಬಟ್ಟೆಯ ಗೆರೆಗಳೂ ಅಷ್ಟೇ ಒತ್ತಾಗಿ ಕಂಡರೆ ಎರಡೂ ಒಂದರ ಮೇಲೊಂದು ಬಿದ್ದು, ಅಲ್ಲಿ ಇಲ್ಲದ ಅಲೆಗಳೂ ಬಣ್ಣಗಳೂ ಮೂಡುತ್ತವೆ. ಇದಕ್ಕೆ 'ಮ್ವಾರೇ' ಎನ್ನುತ್ತಾರೆ. ಒಂದರ ಮೇಲೊಂದು ಇಟ್ಟ ಎರಡು ಸೊಳ್ಳೆ ಪರದೆಗಳನ್ನು ಅಲುಗಾಡಿಸಿದಾಗ ಕಾಣುವ ಅಲೆಯೂ ಇದೇ. ವಾಟ್ಸಾಪ್ ಫೋಟೋವನ್ನು ಚಿಕ್ಕದು ಮಾಡಿದಾಗ ಇದು ಇನ್ನೂ ಎದ್ದು ಕಾಣಬಹುದು. ದೊಡ್ಡ ಚೌಕಳಿ, ಅಗಲ ಅಂಚಿನ ಸೀರೆಗಳಿಗೆ ಈ ತೊಂದರೆ ಇಲ್ಲ.

4. 'ಎಲ್ಲರೂ ಒಂದೇ ಬಣ್ಣ ಧರಿಸಿ'

ಇದು ಅರ್ಧ ಸತ್ಯ. ಬಣ್ಣಗಳು ಹೊಂದಿದರೆ ಫೋಟೋ ಚೆಂದ ನಿಜ. ಆದರೆ ಎಲ್ಲರದೂ ಒಂದೇ ಬಣ್ಣವಾದರೆ ಒತ್ತಾಗಿ ನಿಂತವರ ಮೈಗಳು ಒಂದಕ್ಕೊಂದು ಕೂಡಿಕೊಂಡಂತೆ ಕಾಣುತ್ತವೆ. ಇದಕ್ಕೆ ಸುಲಭದ ದಾರಿ: ಮನೆಯ ಹಿರಿಯರು ಉಡುವ ಸೀರೆಯೊಂದನ್ನು ಮೊದಲು ಆರಿಸಿ. ಅದರ ಒಡಲು, ಅಂಚು, ಸೆರಗಿನಲ್ಲಿರುವ ಎರಡು ಮೂರು ಬಣ್ಣಗಳನ್ನೇ ಉಳಿದವರು ಹಂಚಿಕೊಳ್ಳಿ.

ಇನ್ನೂ ಕೆಲವು ಸಂಗತಿಗಳು

- ಹೊಳೆಯುವ ಗಿಳಿಹಸಿರು, ನಿಯಾನ್ ಬಣ್ಣದ ಬಟ್ಟೆಗಳ ಬೆಳಕು ಗದ್ದ, ಕುತ್ತಿಗೆಯ ಮೇಲೆ ಪ್ರತಿಫಲಿಸಿ ಮುಖಕ್ಕೂ ಆ ಛಾಯೆ ಬರುತ್ತದೆ.
- ರೇಷ್ಮೆ ಸೀರೆಯ ಜರಿ ನೇರ ಫ್ಲ್ಯಾಶ್‌ಗೆ ಬೆಳ್ಳಗೆ ಮಿನುಗುತ್ತದೆ. ಕಿಟಕಿಯ ಅಥವಾ ಜಗಲಿಯ ನೆರಳಿನ ಬೆಳಕು ಒಳ್ಳೆಯದು.
- ಬಿಸಿಲಿಗೆ ಕಪ್ಪಾಗುವ ಕನ್ನಡಕವಿದ್ದರೆ ಹೊರಗೆ ನಿಂತಾಗ ಕಣ್ಣು ಕಾಣುವುದಿಲ್ಲ. ಸಾದಾ ಕನ್ನಡಕ ಇಟ್ಟುಕೊಳ್ಳಿ.
- 'ಕಪ್ಪು ಬಟ್ಟೆ ಅಪಶಕುನ' ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಅಜ್ಜಿಗೆ ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ಮುಜುಗರವೂ ಫೋಟೋದಲ್ಲಿ ಕಾಣುತ್ತದೆ.

ಕೊನೆಯದಾಗಿ

ಸಂದೇಶದ ನಾಲ್ಕು ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಒಂದೇ. ಅದನ್ನು ನಂಬಿ ಮನೆಯ ಮಗುವೊಂದನ್ನು ಹಿಂದಿನ ಸಾಲಿಗೆ ಕಳಿಸಿದರೆ, ಆ ಫೋಟೋ ನೋಡಿದಾಗಲೆಲ್ಲ ಅವಳಿಗೆ ನೆನಪಾಗುವುದು ಆ ಮಾತೇ. ನಮಗೆ ಬರೆದ ಓದುಗರಿಗೆ ನಮ್ಮ ಉತ್ತರ ಇಷ್ಟೇ: ಮಗಳು ಮೆರೂನ್ ಲಂಗ-ದಾವಣಿಯನ್ನೇ ಹಾಕಿಕೊಳ್ಳಲಿ, ಅಜ್ಜನ ಪಕ್ಕದಲ್ಲಿ ನಿಲ್ಲಲಿ. ಫೋಟೋ ತೆಗೆಯುವವರು ಕ್ಲಿಕ್ ಮಾಡುವ ಮೊದಲು ಅವಳ ಮುಖದ ಮೇಲೆ ಒಮ್ಮೆ ಬೆರಳೊತ್ತಿ ಬೆಳಕು ಸರಿಮಾಡಿಕೊಳ್ಳಲಿ.