ತಲಶ್ಶೇರಿಯ ಕಡಲಮನೆ, ಅಂಜರಕ್ಕಂಡಿಯ ದಾಲ್ಚಿನ್ನಿ

ಕೇರಳ ಪ್ರವಾಸಕ್ಕೆ ಹೊರಟ ಆಫೀಸಿನ ಗೆಳೆಯರೊಬ್ಬರು ಫೋಟೊ ತೋರಿಸಿದ್ರು. ತಲಶ್ಶೇರಿಯಲ್ಲಿ ಸಮುದ್ರಕ್ಕೆ ಮುಖ ಮಾಡಿದ ದೊಡ್ಡ ಬಂಗಲೆ, ಆಯಿಷಾ ಮಂಜಿಲ್. ಬ್ರೌನ್ ಎಂಬ ಬಿಳಿ ವ್ಯಾಪಾರಿ 1862ರಲ್ಲಿ ಕಟ್ಟಿಸಿದ್ನಂತೆ. ಆಮೇಲೆ ಮಾಪಿಳ್ಳೆ ವ್ಯಾಪಾರಿ ಮನೆತನ ಕೊಂಡಿತು. ಈಗ ಅತಿಥಿಗಳಿಗೆ ಕೋಣೆ, ಮಲಬಾರಿನ ಊಟ. ಊಟದ ಬಗ್ಗೆ ನನ್ನ ತಕರಾರಿಲ್ಲ.

ಆದ್ರೆ ಆ ಕಡೆ ಬ್ರೌನ್ ಅಂದ್ರೆ ಅಂಜರಕ್ಕಂಡಿ ತೋಟ. ಈಸ್ಟ್ ಇಂಡಿಯಾ ಕಂಪನಿ 1797ರಲ್ಲಿ ಶುರು ಮಾಡಿದ್ದು. ಮೇಲ್ವಿಚಾರಕನಾಗಿ ಬಂದ ಮರ್ಡಾಕ್ ಬ್ರೌನ್ ಆಮೇಲೆ ತೋಟವನ್ನೇ ತನ್ನ ಕೈಗೆ ತಗೊಂಡ. ದಾಲ್ಚಿನ್ನಿ, ಮೆಣಸು. ದುಡಿದವರು ಪುಲಯರು, ನಮ್ಮ ಜನ; ದನದಂತೆ ಬೆಲೆ ಕೊಟ್ಟು ಕೊಂಡವರು. 1811-12ರಲ್ಲಿ ಮ್ಯಾಜಿಸ್ಟ್ರೇಟ್ ಥಾಮಸ್ ಬೇಬರ್ ತನಿಖೆ ಮಾಡಿದಾಗ ತಿರುವಾಂಕೂರಿನಿಂದ ಕದ್ದು ತಂದ ಮಕ್ಕಳೂ ಅಲ್ಲಿ ಸಿಕ್ಕರು. ಅವನು ಬಿಡಿಸಿದ, ನಿಜ. ತೋಟ ಮಾತ್ರ ಬ್ರೌನ್ ಮನೆತನದಲ್ಲೇ ಉಳಿತು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ಕ್ಕೆ.

ಮುಕ್ಕುಂದದಲ್ಲಿ ಕೂತು ಇದನ್ನ ಬರಿಯೋ ನಾವು ಜೀತ ನಿಷೇಧ ಕಾಯ್ದೆಗೆ 1976ರವರೆಗೆ ಕಾದವರು.

ಬಂಗಲೆಯ ಕಥೆಯಲ್ಲಿ ವ್ಯಾಪಾರಿ ಇದ್ದಾನೆ, ಮಸಾಲೆ ಇದೆ. ಪುಲಯರು ಇಲ್ಲ. ಕಣ್ಣೂರು ಕಡೆ ಹೋಗೋ ಸಂಗಾತಿಗಳು ಅಂಜರಕ್ಕಂಡಿಗೂ ಹೋಗಿ, ಆ ಮಕ್ಕಳ ನೆನಪಿಗೆ ಒಂದು ಕಲ್ಲಾದ್ರೂ ನೆಟ್ಟಾರಾ ನೋಡಿ ಹೇಳ್ರಿ.