ಪ್ಲಾಸ್ಟಿಕ್ ಎಳೆಯೂ ರಾಳದ ಹಿಡಿತವೂ

ಕೈಗಾರಿಕೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಹೊಸ ವಸ್ತುಗಳ ಆವಿಷ್ಕಾರಕ್ಕೆ ಪ್ರಾಶಸ್ತ್ಯ ಕೊಡುತ್ತಾರೆ. ಒಂದು ವಸ್ತು ಮತ್ತೊಂದರೊಡನೆ ಹೇಗೆ ಕೂಡಿಕೊಂಡಿತೆಂಬ ಪ್ರಶ್ನೆಯನ್ನು ಅಷ್ಟಾಗಿ ಎತ್ತುವುದಿಲ್ಲ. ಪಾಲಿಎಥಿಲೀನ್ ಎಳೆಯ ಚರಿತ್ರೆ ಈ ಕೊರತೆಯನ್ನು ಸ್ಪಷ್ಟಪಡಿಸುತ್ತದೆ.

೧೯೩೩ರಲ್ಲಿ ಇಂಗ್ಲೆಂಡಿನ ವಿನ್ನಿಂಗ್ಟನ್ನಿನಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಗಿಬ್ಸನ್ ಮತ್ತು ಫಾಸೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ ಪಾಲಿಎಥಿಲೀನ್ ದೊರೆಯಿತು. ಅದು ನೀರಿಗೆ ನೆನೆಯದು; ವಿದ್ಯುತ್ತನ್ನು ಹರಿಯಗೊಡದು. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಕೇಬಲ್ಲುಗಳಿಗೆ ಅದು ಹೊದಿಕೆಯಾಯಿತು. ಆದರೆ ಯಾವ ನಿರ್ಲಿಪ್ತತೆ ಅದರ ಕೀರ್ತಿಗೆ ಕಾರಣವಾಯಿತೋ ಅದೇ ಅದರ ದೋಷವೂ ಆಯಿತು. ಅಮೆರಿಕದ ನೌಕಾ ಸಂಶೋಧನಾಲಯದ ಜಿಸ್ಮನ್ನನ ಅಳತೆಯಂತೆ, ಸೆಂಟಿಮೀಟರಿಗೆ ಸುಮಾರು ೩೧ ಡೈನಿಗಿಂತ ಹೆಚ್ಚಿನ ಮೇಲ್ಮೈ ಎಳೆತವುಳ್ಳ ದ್ರವ ಅದರ ಮೇಲೆ ಪೂರ್ಣವಾಗಿ ಹರಡದು. ಎಪಾಕ್ಸಿ ರಾಳದ ಎಳೆತವಾದರೋ ೪೦ನ್ನು ಮೀರುತ್ತದೆ.

ಈ ತೊಡಕನ್ನು ಮೊದಲು ಅನುಭವಿಸಿದವರಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕುವವರು ಮುಖ್ಯರು. ಒತ್ತಿದ ಮಸಿ ಹಾಳೆಯ ಮೇಲೆ ನಿಲ್ಲುತ್ತಿರಲಿಲ್ಲ. ೧೯೫೧ರಲ್ಲಿ ಡೆನ್ಮಾರ್ಕಿನ ಎಂಜಿನಿಯರ್ ವರ್ನರ್ ಐಸ್ಬಿ ಹಾಳೆಯನ್ನು ವಿದ್ಯುತ್ ವಿಸರ್ಜನೆಗೆ ಒಡ್ಡುವ ಉಪಾಯವನ್ನು ರೂಪಿಸಿದನು. ವಿಸರ್ಜನೆಯಿಂದ ಗಾಳಿಯಲ್ಲಿನ ಆಮ್ಲಜನಕವು ಹಾಳೆಯ ಮೇಲ್ಮೈಗೆ ಕೂಡಿಕೊಂಡು, ಮಸಿ ಅಂಟಿತು.

ಮುಂದೆ ೧೯೭೯ರಲ್ಲಿ ನೆದರ್‌ಲೆಂಡ್ಸಿನ ಡಿ. ಎಸ್. ಎಂ. ಸಂಸ್ಥೆಯ ಸ್ಮಿತ್ ಮತ್ತು ಲೆಮ್‌ಸ್ಟ್ರಾ ಅವರ ಪ್ರಯತ್ನದಿಂದ, ತೂಕಕ್ಕೆ ತೂಕ ಹೋಲಿಸಿದರೆ ಉಕ್ಕನ್ನು ಬಹುವಾಗಿ ಮೀರಿಸುವ ಪಾಲಿಎಥಿಲೀನ್ ಎಳೆ ಸಿದ್ಧವಾಯಿತು. ಆಗ ಹಳೆಯ ತೊಡಕು ಮರುಕಳಿಸಿತು. ರಾಳದಲ್ಲಿ ಹುದುಗಿಸಿದ ಎಳೆ ಭಾರವನ್ನು ಹೊರಬೇಕಾದರೆ ರಾಳವು ಆ ಭಾರವನ್ನು ಅದಕ್ಕೆ ವರ್ಗಾಯಿಸಬೇಕು. ಹಿಡಿತವಿಲ್ಲದಿದ್ದರೆ ಎಳೆ ಒರೆಯಿಂದ ಕತ್ತಿ ಜಾರುವಂತೆ ಜಾರಿಬಿಡುತ್ತದೆ. ಅದರ ಬಲವೆಲ್ಲ ವ್ಯರ್ಥ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ಲಾಡಿಜೆಸ್ಕಿ ಮತ್ತು ವಾರ್ಡ್ ೧೯೮೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಎಳೆಗಳನ್ನು ಕ್ರೋಮಿಕ್ ಆಮ್ಲಕ್ಕೂ, ವಿದ್ಯುತ್ತಿನಿಂದ ಪ್ರಚೋದಿತವಾದ ಆಮ್ಲಜನಕದ ಪ್ಲಾಸ್ಮಾಕ್ಕೂ ಒಡ್ಡಿ ಪರೀಕ್ಷಿಸಿದರು. ಪ್ಲಾಸ್ಮಾದಿಂದ ಲಾಭ ಎರಡು ಬಗೆಯದು: ಮೇಲ್ಮೈಗೆ ಆಮ್ಲಜನಕ ಸೇರಿ ರಾಳ ಚೆನ್ನಾಗಿ ಹರಡುತ್ತದೆ, ಎಳೆಯ ಮೇಲೆ ಮೂಡುವ ಸೂಕ್ಷ್ಮ ಕುಳಿಗಳೊಳಗೆ ಅದು ಇಳಿದು, ಗಟ್ಟಿಯಾಗಿ, ಕಚ್ಚಿ ಹಿಡಿಯುತ್ತದೆ. ಆದರೆ ಉಪಚಾರ ಮಿತಿಮೀರಿದರೆ ಎಳೆಯೇ ಬಲಗುಂದುತ್ತದೆ.

ಹಿಡಿತ ಹೆಚ್ಚಿದಷ್ಟೂ ಒಳಿತೆಂದು ಭಾವಿಸುವುದೂ ಸರಿಯಲ್ಲ. ಗುಂಡನ್ನು ತಡೆಯುವ ಕವಚದಲ್ಲಿ ಪದರಗಳು ಬಿಟ್ಟುಕೊಂಡು ಎಳೆಗಳು ಹಿಗ್ಗಿದಾಗಲೇ ಹೊಡೆತದ ಶಕ್ತಿ ಹೀರಲ್ಪಡುತ್ತದೆ. ಅಲ್ಲಿ ಬಿಗಿಯಾದ ಹಿಡಿತ ಬಾಧಕವೇ ಆದೀತು. ಆದುದರಿಂದ ಸುಧಾರಣೆಯೆಂಬುದನ್ನು ಬಳಕೆಯಿಂದಲೇ ಅಳೆಯಬೇಕು.

ಗಿಬ್ಸನ್ ಮತ್ತು ಫಾಸೆಟ್ಟರ ಹೆಸರು ಪಠ್ಯಗಳಲ್ಲಿ ದೊರೆಯುತ್ತದೆ; ಮಸಿ ನಿಲ್ಲದೆ ತೊಳಲಿದ ಮುದ್ರಕರ ಪ್ರಸ್ತಾಪ ವಿರಳ. ಆದರೂ ವಿದ್ಯುತ್ ವಿಸರ್ಜನೆಯಿಂದ ಮೇಲ್ಮೈಯನ್ನು ಮಾರ್ಪಡಿಸುವ ತತ್ತ್ವವು ಲೀಡ್ಸಿನ ಪ್ರಯೋಗಕ್ಕೆ ಮೂರು ದಶಕಗಳ ಮುನ್ನವೇ ಅವರ ಕಸುಬಿನಲ್ಲಿ ರೂಢಿಗೆ ಬರತೊಡಗಿತ್ತು. ಈ ಸಂಗತಿಯನ್ನು ಬಿಟ್ಟು ಬರೆದ ಇತಿಹಾಸ ಅಪೂರ್ಣವೆನ್ನಬೇಕು.