ಗದ್ದಲದ ಮಾನದಂಡ: ರೇಡಿಯೋ ಅಳತೆಯ ಚರಿತ್ರೆಯಲ್ಲಿ ಕನ್ನಡನಾಡು

೧

ಬಳ್ಳಿಗಾವೆಯ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿಯು ಪರಿಚಿತವಾಗಿಯೇ ಇರುವುದು. ದೇವರಿಗೆ ಭೂಮಿಯನ್ನು ಬಿಟ್ಟ ದಾನಿಯು ಇಷ್ಟು ಮತ್ತರೆಂದು ಹೇಳಿ ಸುಮ್ಮನಾಗುವುದಿಲ್ಲ. ಯಾವ ಗಳೆಯಿಂದ ಅಳೆದ ಮತ್ತರೆಂಬುದನ್ನೂ ಕಲ್ಲಿನಲ್ಲಿ ಕಂಡರಿಸಿಡುತ್ತಾನೆ. ಭೇರುಂಡಗಳೆಯೆಂಬ ಹೆಸರು ನಮ್ಮವರೆಗೆ ಉಳಿದು ಬಂದಿರುವುದು ಹೀಗೆಯೇ. ಗಳೆಯು ಸೀಮೆಗೊಂದು ಬಗೆಯಾಗಿದ್ದ ಆ ಕಾಲದಲ್ಲಿ, ಗಳೆಯ ಹೆಸರಿಲ್ಲದ ಸಂಖ್ಯೆಯು ವ್ಯಾಜ್ಯಕ್ಕೆ ಬೀಜವಾದೀತೇ ಹೊರತು ಪ್ರಮಾಣವಾಗಲಾರದೆಂಬುದನ್ನು ಶಾಸನವನ್ನು ಬರೆದ ಸೇನಬೋವರು ಚೆನ್ನಾಗಿ ಅರಿತಿದ್ದರು.

ಈ ಮಾತು ನನಗೆ ನೆನಪಾದುದು ಶಾಸನವನ್ನು ಓದುವಾಗ ಅಲ್ಲ. ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹೊರಕೆರೆದೇವಪುರದಲ್ಲಿ, ಲಕ್ಷ್ಮೀನರಸಿಂಹಸ್ವಾಮಿಯ ಸನ್ನಿಧಿಗೆ ಸಮೀಪದ ಒಂದು ಮನೆಯ ಮಾಳಿಗೆಯ ಮೇಲೆ, ವಿದ್ಯಾರ್ಥಿಯೊಬ್ಬನು ತಂತಿ ಕಟ್ಟಿ ರೇಡಿಯೋ ಆಲಿಸುತ್ತಿದ್ದನು. ಪ್ರತಿರಾತ್ರಿಯೂ ಆಕಾಶದ ಗದ್ದಲವು ಎಷ್ಟಿತ್ತೆಂಬುದನ್ನು ಒಂದು ವರ್ಷಪರ್ಯಂತ ಪುಸ್ತಕದಲ್ಲಿ ಬರೆದಿಟ್ಟಿದ್ದನು. ಪೇಟೆಯಲ್ಲಿದ್ದ ಅವನ ಗೆಳೆಯನೂ ಹಾಗೆಯೇ ಬರೆದಿದ್ದನು. ಇಬ್ಬರ ಪುಸ್ತಕಗಳನ್ನು ಹೋಲಿಸಿದಾಗ ಪೇಟೆಯೇ ಹಳ್ಳಿಗಿಂತ ನಿಶ್ಶಬ್ದವೆಂದು ಕಂಡುಬಂದಿತು! ಇದು ಹೇಗೆ ಸಾಧ್ಯವೆಂದು ಅವನು ನನ್ನನ್ನು ಕೇಳಿದನು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನಾನು ಯಂತ್ರಜ್ಞನಲ್ಲ. ಆದರೂ ಪ್ರಮಾಣವಿಚಾರವು ನಮ್ಮ ಶಾಸ್ತ್ರಕ್ಕೆ ಹೊರತಾದುದಲ್ಲವಾದುದರಿಂದ ಬಲ್ಲವರಲ್ಲಿ ವಿಚಾರಿಸತೊಡಗಿದೆನು. ಆ ವಿಚಾರದ ಫಲವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

೨

ರೇಡಿಯೋ ಯಂತ್ರದಲ್ಲಿ ಕೇಳಿಬರುವ ‘ಸೊಯ್’ ಎಂಬ ಸದ್ದನ್ನು ಜನರು ಬಹುಕಾಲ ದೋಷವೆಂದು ಮಾತ್ರವೇ ಎಣಿಸಿದ್ದರು. ಅದಕ್ಕೂ ಒಂದು ನಿಯಮವುಂಟೆಂದು ತೋರಿಸಿದವರು ಅಮೆರಿಕಾದೇಶದ ಬೆಲ್ ಪ್ರಯೋಗಶಾಲೆಯ ಜಾನ್ಸನ್ ಮತ್ತು ನೈಕ್ವಿಸ್ಟ್ ಎಂಬವರು. ೧೯೨೮ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತದ ಸಾರವೇನೆಂದರೆ, ಉಷ್ಣವುಳ್ಳ ಯಾವ ವಾಹಕವೇ ಆಗಲಿ ತನ್ನ ಉಷ್ಣಕ್ಕೆ ತಕ್ಕಷ್ಟು ಗದ್ದಲವನ್ನು ತಾನೇ ಹುಟ್ಟಿಸುತ್ತದೆ. ಆ ಗದ್ದಲದ ಶಕ್ತಿಯು ಉಷ್ಣಮಾನಕ್ಕೂ ನಾವು ಆಲಿಸುವ ಪಟ್ಟಿಯ ಅಗಲಕ್ಕೂ ಅನುಪಾತದಲ್ಲಿರುತ್ತದೆ. ೨೯೦ ಕೆಲ್ವಿನ್ ಉಷ್ಣದಲ್ಲಿ ಒಂದು ಹರ್ಟ್ಸ್ ಅಗಲಕ್ಕೆ ಅದು ಒಂದು ಮಿಲಿವ್ಯಾಟಿಗಿಂತ ೧೭೪ ಡೆಸಿಬೆಲ್ ಕೆಳಗಿರುವುದು. ಈ ಸಂಖ್ಯೆಯೇ ರೇಡಿಯೋ ಶಾಸ್ತ್ರದ ಭೇರುಂಡಗಳೆಯೆಂದರೆ ಸಲ್ಲುವುದು.

ಆ ಪ್ರಯೋಗಶಾಲೆಯವರೇ ಆದ ಕಾರ್ಲ್ ಜಾನ್ಸ್‌ಕಿಯವರು ೨೦.೫ ಮೆಗಾಹರ್ಟ್ಸಿನಲ್ಲಿ ಗದ್ದಲದ ಮೂಲವನ್ನು ಅರಸುತ್ತಿದ್ದಾಗ, ಅದರ ಒಂದು ಪಾಲು ೨೩ ಗಂಟೆ ೫೬ ನಿಮಿಷಗಳಿಗೊಮ್ಮೆ ಏರಿಳಿಯುವುದನ್ನು ಕಂಡರು. ಇದು ಸೂರ್ಯನ ದಿನವಲ್ಲ, ನಮ್ಮ ಜ್ಯೋತಿಷಿಗಳು ಹೇಳುವ ನಾಕ್ಷತ್ರ ದಿನ. ಆದಕಾರಣ ಆ ಗದ್ದಲವು ಆಕಾಶಗಂಗೆಯಿಂದ ಬರತಕ್ಕದ್ದೆಂದು ೧೯೩೩ರಲ್ಲಿ ಪ್ರಕಟಿಸಿದರು. ಅದನ್ನು ಮುಂದುವರಿಸಿದವನು ಯಾವ ವಿದ್ಯಾಪೀಠದವನೂ ಅಲ್ಲ. ಗ್ರೋಟ್ ರೀಬರ್ ಎಂಬ ಹವ್ಯಾಸಿ. ಆತನು ೧೯೩೭ರಲ್ಲಿ ಸ್ವಂತ ಹಣದಿಂದ ಸುಮಾರು ೩೧ ಅಡಿ ವ್ಯಾಸದ ಲೋಹದ ಬೋಗುಣಿಯನ್ನು ಮನೆಯ ಹಿತ್ತಿಲಲ್ಲಿ ನಿಲ್ಲಿಸಿ, ಎರಡು ಬಾರಿ ವಿಫಲನಾಗಿ, ಮೂರನೆಯ ಸಲ ೧೬೦ ಮೆಗಾಹರ್ಟ್ಸಿನಲ್ಲಿ ಸಫಲನಾದನು. ಹವ್ಯಾಸಿಯ ಅಳತೆಯೂ ಶಾಸ್ತ್ರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಡ.

೩

ಇನ್ನು ನಮ್ಮ ನಾಡಿನ ವಿಷಯ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ೩೦ ವ್ಯಾಟಿನ ಪ್ರಸಾರಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದುದು ಸರ್ವವಿದಿತವಾಗಿದೆ. ಆಮೇಲೆ ೨೫೦ ವ್ಯಾಟಿನ ಯಂತ್ರವು ಬಂದಿತು. ೧೯೪೨ರಲ್ಲಿ ಆ ನಿಲಯವನ್ನು ಮೈಸೂರು ಸರ್ಕಾರವು ವಹಿಸಿಕೊಂಡಿತು. ಶಕ್ತಿಯು ಎಂಟು ಪಟ್ಟಿಗಿಂತ ಹೆಚ್ಚಾಯಿತೆಂದು ಕೇಳಿದವರು ಧ್ವನಿಯೂ ಎಂಟು ಪಟ್ಟಾಯಿತೆಂದು ಭಾವಿಸಬಹುದು. ಗಣಿತವು ಹೇಳುವುದೇ ಬೇರೆ: ಈ ಹೆಚ್ಚಳವು ಸುಮಾರು ೯ ಡೆಸಿಬೆಲ್, ಹವ್ಯಾಸಿಗಳು ಬಳಸುವ ‘ಎಸ್’ ಮಾನದಲ್ಲಿ ಒಂದೂವರೆ ಮೆಟ್ಟಲು ಮಾತ್ರ. ದೂರದ ಊರಿನಲ್ಲಿ ಮಾತು ತಿಳಿಯುವುದೋ ಇಲ್ಲವೋ ಎಂಬುದು ಪ್ರಸಾರದ ಶಕ್ತಿಯೊಂದರಿಂದಲೇ ನಿರ್ಣಯವಾಗದೆ, ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತದಿಂದ ನಿರ್ಣಯವಾಗುವುದು.

ಗದ್ದಲವನ್ನೇ ಅಳೆಯುವ ಕಾರ್ಯವು ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದುದು ಗೌರಿಬಿದನೂರಿನಲ್ಲಿ. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಜೊತೆಗೂಡಿ ಕಟ್ಟಿಸಿದ ಅಲ್ಲಿನ ದೂರದರ್ಶಕವು ೧೯೭೬ರ ವೇಳೆಗೆ ಕೆಲಸಮಾಡತೊಡಗಿತು. ಅದಕ್ಕೆ ಗಾಜಿಲ್ಲ, ಬೋಗುಣಿಯಿಲ್ಲ. ‘ಟಿ’ ಅಕ್ಷರದ ಆಕಾರದಲ್ಲಿ ಹೊಲದ ನಡುವೆ ನಿಲ್ಲಿಸಿದ ೧೦೦೦ ತಂತಿಯ ಆಂಟೆನಾಗಳು. ಪೂರ್ವಪಶ್ಚಿಮದ ತೋಳಿನ ಉದ್ದ ಸುಮಾರು ೧.೪ ಕಿಲೋಮೀಟರು. ೩೪.೫ ಮೆಗಾಹರ್ಟ್ಸಿನಲ್ಲಿ ಅಲ್ಲಿ ಮಾಡಿದ ಸಮೀಕ್ಷೆಯಿಂದ ಆಕಾಶದ ಬಹುಭಾಗದ ನಕ್ಷೆಯು ೧೯೯೦ರಲ್ಲಿ ಪ್ರಕಟವಾಯಿತು.

ಇದಕ್ಕಿಂತಲೂ ಸೂಕ್ಷ್ಮವಾದ ಪ್ರಸಂಗವೊಂದು ಈಚೆಗೆ ನಡೆಯಿತು. ಪಶ್ಚಿಮ ಆಸ್ಟ್ರೇಲಿಯಾದ ‘ಎಡ್ಜಸ್’ ಎಂಬ ಯಂತ್ರದವರು ೨೦೧೮ರಲ್ಲಿ, ಮೊದಲ ನಕ್ಷತ್ರಗಳ ಕಾಲದ ಕುರುಹು ೭೮ ಮೆಗಾಹರ್ಟ್ಸಿನಲ್ಲಿ ಅರ್ಧ ಕೆಲ್ವಿನಿನಷ್ಟು ತಗ್ಗಾಗಿ ಕಂಡಿತೆಂದು ಸಾರಿದರು. ಆಕಾಶದ ಗದ್ದಲವೇ ಆ ಎಡೆಯಲ್ಲಿ ಸಾವಿರಾರು ಕೆಲ್ವಿನ್ ಇರುವಾಗ ಅರ್ಧ ಕೆಲ್ವಿನಿನ ತಗ್ಗು ನಿಜವಾಗಿ ಆಕಾಶದ್ದೋ, ಯಂತ್ರದ್ದೋ, ಆಂಟೆನಾದ ಕೆಳಗಿನ ನೆಲದ್ದೋ ಎಂಬ ಸಂಶಯವು ಸಹಜವು. ರಾಮನ್ ಸಂಶೋಧನಾ ಸಂಸ್ಥೆಯವರು ‘ಸರಸ್ ೩’ ಎಂಬ ಯಂತ್ರವನ್ನು ತೆಪ್ಪದ ಮೇಲಿಟ್ಟು, ೨೦೨೦ರಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಬಿಟ್ಟರು. ಮಣ್ಣು ಪದರಪದರವಾಗಿ ಗುಣಭೇದವುಳ್ಳದ್ದು; ಏಕರೂಪವಾದ ನೀರಿನ ವಿಷಯದಲ್ಲಿ ಲೆಕ್ಕವು ತಪ್ಪುವುದಿಲ್ಲವೆಂಬುದೇ ಈ ಉಪಾಯದ ಮರ್ಮ. ಎಡ್ಜಸಿನವರು ಹೇಳಿದ ಆಕಾರದ ತಗ್ಗು ತಮ್ಮ ಅಳತೆಯಲ್ಲಿ ಇಲ್ಲವೆಂದು ೯೫.೩ ಶೇಕಡಾ ನಿಶ್ಚಯದಿಂದ ೨೦೨೨ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಪರಪಕ್ಷವನ್ನು ಖಂಡಿಸಿದುದು ವಾಗ್ವಾದದಿಂದಲ್ಲ, ಮಾನದಂಡದ ಶುದ್ಧಿಯಿಂದ ಎಂಬುದನ್ನು ಗಮನಿಸಬೇಕು.

೪

ಈಗ ನಮ್ಮ ವಿದ್ಯಾರ್ಥಿಯ ಯಂತ್ರದ ಕಡೆಗೆ ಬರೋಣ. ಹಿಂದೆ ಸುರುಳಿ, ಕವಾಟಗಳಿಂದ ಆಗುತ್ತಿದ್ದ ಕೆಲಸವನ್ನು ಗಣಕದ ಸಾಫ್ಟ್‌ವೇರಿಗೆ ವಹಿಸಿದ ರೇಡಿಯೋ ಇದು. ೧೯೯೦ರ ದಶಕದ ಆರಂಭದಲ್ಲಿ ಜೋಸೆಫ್ ಮಿಟೋಲಾ ಎಂಬವರು ಇದಕ್ಕೆ ‘ಸಾಫ್ಟ್‌ವೇರ್ ರೇಡಿಯೋ’ ಎಂಬ ಹೆಸರನ್ನು ರೂಢಿಗೆ ತಂದರು. ದೂರದರ್ಶನ ನೋಡಲೆಂದು ಮಾಡಿದ ಅಗ್ಗದ ಒಂದು ಉಪಕರಣವು ಇದೇ ಕೆಲಸಕ್ಕೆ ಒದಗುವುದೆಂದು ೨೦೧೨ರ ಸುಮಾರಿಗೆ ತಿಳಿದುಬಂದಮೇಲೆ ಇದು ಹಳ್ಳಿಯ ಹುಡುಗನ ಕೈಗೂ ಎಟುಕಿತು. ಆದರೆ ಅದು ತೋರಿಸುವ ಸಂಖ್ಯೆಯನ್ನು ನಂಬುವ ಮುನ್ನ ಕೆಲವು ವಿಚಾರಗಳು ಅವಶ್ಯಕವು.

ಮೊದಲನೆಯದು ಆಧಾರ. ಯಂತ್ರವು ತೋರಿಸುವ ಡೆಸಿಬೆಲ್ಲು ತನ್ನದೇ ಪೂರ್ಣಮಿತಿಯಿಂದ ಎಣಿಸಿದುದೇ ಹೊರತು ಮಿಲಿವ್ಯಾಟಿನಿಂದಲ್ಲ. ಶಕ್ತಿಯು ಇಷ್ಟೆಂದು ಗೊತ್ತಿರುವ ಒಂದು ಸಂಕೇತವನ್ನು ಕೊಟ್ಟು ಎರಡಕ್ಕೂ ಸಂಬಂಧವನ್ನು ಸ್ಥಾಪಿಸಬೇಕು. ಹಾಗೆ ಸ್ಥಾಪಿಸಿದ ಮೇಲೆ ವರ್ಧನವನ್ನು ಬದಲಿಸಕೂಡದು, ಅದು ತಾನಾಗಿ ಬದಲಾಗದಂತೆಯೂ ಕಟ್ಟಿಹಾಕಬೇಕು. ಹವ್ಯಾಸಿಗಳ ಅಂತಾರಾಷ್ಟ್ರೀಯ ಒಕ್ಕೂಟದ ಒಂದನೆಯ ಪ್ರದೇಶದವರು ೧೯೮೧ರಲ್ಲಿ, ೩೦ ಮೆಗಾಹರ್ಟ್ಸಿಗೆ ಕೆಳಗೆ ‘ಎಸ್ ೯’ ಎಂದರೆ ೫೦ ಓಮಿನ ಮೇಲೆ ೫೦ ಮೈಕ್ರೋವೋಲ್ಟು, ಅಂದರೆ ಮಿಲಿವ್ಯಾಟಿಗಿಂತ ೭೩ ಡೆಸಿಬೆಲ್ ಕೆಳಗೆ, ಒಂದೊಂದು ಮೆಟ್ಟಲಿಗೆ ೬ ಡೆಸಿಬೆಲ್ ಎಂದು ಗೊತ್ತುಮಾಡಿದರು. ನಮ್ಮ ದೇಶವು ಮೂರನೆಯ ಪ್ರದೇಶಕ್ಕೆ ಸೇರಿದ್ದರೂ ಈ ಗಳೆಯನ್ನು ಹಿಡಿಯುವುದೇ ಲೇಸು.

ಎರಡನೆಯದು ಅಗಲ. ಗದ್ದಲವು ಪಟ್ಟಿಯ ಅಗಲದೊಡನೆ ಬೆಳೆಯುತ್ತದೆ. ಒಂದೇ ಸ್ವರದ ಸಂಕೇತವು ಹಾಗೆ ಬೆಳೆಯುವುದಿಲ್ಲ. ೨೫೦೦ ಹರ್ಟ್ಸಿನ ಪಟ್ಟಿಯಲ್ಲಿ ಕಂಡ ಗದ್ದಲವು ೨೫ ಹರ್ಟ್ಸಿನ ಪಟ್ಟಿಯಲ್ಲಿ ೨೦ ಡೆಸಿಬೆಲ್ ಕೆಳಗೆ ಕಾಣುವುದು. ನಮ್ಮ ಹುಡುಗರ ವಿವಾದದ ಮೂಲವು ಇಲ್ಲಿಯೇ ಇದ್ದಿತು: ಪೇಟೆಯವನ ಗಣಕವು ಆಕಾಶವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳುತ್ತಿತ್ತು, ಹಳ್ಳಿಯವನದು ದೊಡ್ಡ ಪಟ್ಟಿಗಳಾಗಿ. ಪೇಟೆಯಲ್ಲಿ ಗದ್ದಲವು ಕಡಮೆಯಿರಲಿಲ್ಲ. ಅದನ್ನು ಅಳೆದ ಕೊಳಗವು ಚಿಕ್ಕದಾಗಿತ್ತು.

ಮೂರನೆಯದು ಸರಾಸರಿ. ಗದ್ದಲದ ಶಕ್ತಿಗಳನ್ನು ಮೊದಲು ಕೂಡಿ ಭಾಗಿಸಿ ಆಮೇಲೆ ಡೆಸಿಬೆಲ್ಲಿಗೆ ತರಬೇಕು. ಡೆಸಿಬೆಲ್ಲುಗಳನ್ನೇ ಕೂಡಿ ಭಾಗಿಸಿದರೆ ಫಲವು ಸುಮಾರು ೨.೫ ಡೆಸಿಬೆಲ್ ಕಡಮೆ ಬರುವುದು. ನಾಲ್ಕನೆಯದು ಕಳೆಯುವಿಕೆ. ಯಂತ್ರವು ತೋರಿಸುವುದು ಕೇವಲ ಸಂಕೇತವನ್ನಲ್ಲ, ಸಂಕೇತ ಮತ್ತು ಗದ್ದಲಗಳ ಮೊತ್ತವನ್ನು. ಎರಡೂ ಸಮವಾಗಿದ್ದಲ್ಲಿ ಮುಳ್ಳು ನಿಜಕ್ಕಿಂತ ೩ ಡೆಸಿಬೆಲ್ ಮೇಲೆ ನಿಲ್ಲುವುದು. ಆದಕಾರಣ ಸಂಕೇತವಿಲ್ಲದಾಗಿನ ಶಕ್ತಿಯನ್ನು ಅಳೆದು ಕಳೆಯಬೇಕು. ಐದನೆಯದು ಶೋಧನೆ: ಆಂಟೆನಾವನ್ನು ಬಿಡಿಸಿ ಅದರ ಎಡೆಯಲ್ಲಿ ೫೦ ಓಮಿನ ಪ್ರತಿರೋಧವನ್ನಿಟ್ಟು ನೋಡಿದಾಗ ಗದ್ದಲವು ಇಳಿಯದಿದ್ದರೆ, ನಾವು ಅಳೆಯುತ್ತಿರುವುದು ಆಕಾಶವನ್ನಲ್ಲ, ನಮ್ಮ ಯಂತ್ರವನ್ನೇ. ಗೊತ್ತಾದ ಆಧಾರದೊಡನೆ ಮತ್ತೆ ಮತ್ತೆ ಹೋಲಿಸಿ ಅಳೆಯುವ ಕ್ರಮವನ್ನು ೧೯೪೬ರಲ್ಲಿ ರಾಬರ್ಟ್ ಡಿಕೆ ತೋರಿಸಿಕೊಟ್ಟರು. ಹವ್ಯಾಸಿಯ ಈ ಸಣ್ಣ ಪರೀಕ್ಷೆಯು ಅದೇ ತತ್ತ್ವದ ಕಿರಿಯ ರೂಪವು.

೫

ಇಷ್ಟು ತಿಳಿದಮೇಲೆ ಆ ವಿದ್ಯಾರ್ಥಿಯ ಪುಸ್ತಕವನ್ನು ತಿದ್ದಿಕೊಳ್ಳಲು ಕುಳಿತೆವು. ಅಗಲದ ಭೇದವನ್ನು ಲೆಕ್ಕದಿಂದ ಸರಿಪಡಿಸಲಾಯಿತು. ವರ್ಧನವನ್ನು ಮಾತ್ರ ಅವನು ಎಲ್ಲಿಯೂ ಬರೆದಿರಲಿಲ್ಲ. ಒಂದೊಂದು ರಾತ್ರಿ ಒಂದೊಂದು ಬಗೆಯಾಗಿ ಇಟ್ಟಿದ್ದನಂತೆ. ಹೀಗಾಗಿ ಒಂದು ವರ್ಷದ ಶ್ರಮವು ಪ್ರಮಾಣವಾಗದೆ ಹೋಯಿತು. ‘ಮತ್ತೆ ಅಳೆದರಾಯಿತು’ ಎನ್ನುವಂತೆಯೂ ಇಲ್ಲ. ಅಷ್ಟರಲ್ಲಿ ಬೀದಿಗೆ ಎಲ್‌ಇಡಿ ದೀಪಗಳು ಬಂದಿದ್ದವು. ಅವುಗಳೊಳಗಿನ ವಿದ್ಯುತ್ತಿನ ಪೆಟ್ಟಿಗೆಗಳು ರೇಡಿಯೋ ಗದ್ದಲವನ್ನು ಎಬ್ಬಿಸುವುದುಂಟು. ವಿದ್ಯುತ್ತು ನಿಂತ ಒಂದು ರಾತ್ರಿ ಗದ್ದಲವು ಥಟ್ಟನೆ ಇಳಿದುದನ್ನು ನಾನೇ ಕಂಡೆನು. ದೀಪವು ಬೇಡವೆಂದು ನಾನು ಹೇಳುವವನಲ್ಲ. ದೀಪಕ್ಕೆ ಮುಂಚಿನ ನಿಶ್ಶಬ್ದವು ಇಷ್ಟಿತ್ತೆಂದು ಹೇಳಲು ಈಗ ಸಾಕ್ಷಿಯಿಲ್ಲವೆಂಬುದೇ ನನ್ನ ವ್ಯಥೆ.

ಅಳಿಸಿಹೋದ ಶಾಸನವನ್ನು ಕಂಡಾಗ ನಮ್ಮ ಸಂಶೋಧಕರಿಗೆ ಆಗುವ ದುಃಖವು ಇದಕ್ಕಿಂತ ಭಿನ್ನವಲ್ಲ. ನಾಡಿನ ಅನೇಕ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ನಿಶ್ಶಬ್ದವನ್ನು ಹವ್ಯಾಸಿಗಳು ಈಗಲೇ ಅಳೆದಿಡಬೇಕು. ಅಳೆದವರು ಸಂಖ್ಯೆಯ ಪಕ್ಕದಲ್ಲಿ ಕಾಲ, ಆವೃತ್ತಿ, ಪಟ್ಟಿಯ ಅಗಲ, ವರ್ಧನ, ಆಂಟೆನಾ, ಆಧಾರಸಂಕೇತ ಇವಿಷ್ಟನ್ನೂ ತಪ್ಪದೆ ಬರೆಯಬೇಕು. ಆ ವಿದ್ಯಾರ್ಥಿಯು ಹೊಸ ಪುಸ್ತಕವೊಂದನ್ನು ಆರಂಭಿಸಿದ್ದಾನೆ. ಅದರ ಮೊದಲ ಹಾಳೆಯಲ್ಲಿ ಅಳತೆಯ ಅಂಕೆಗಳಿಲ್ಲ, ಗಳೆಯ ವಿವರವಿದೆ.